ಲಿತನಿಗೆ ಎರಡು ಬಣ್ಣದ ಪೆನ್ಸಿಲ್: ಸಂತರ ಪ್ರಾರ್ಥನೆ ಕಲಿಸಿದ ನನ್ನ ಅನುಭವ

ಸ್ವರ್ಗದಲ್ಲಿರುವ ಸಂತರನ್ನು ನಮಗಾಗಿ ಪ್ರಾರ್ಥಿಸಿ ಎಂದು ಏಕೆ ಕೇಳುತ್ತೇವೆ ಎಂಬ ಪಾಠವನ್ನು ವಾದದಿಂದ ಶುರು ಮಾಡಬಾರದು, ಧರ್ಮಸಭೆ ದಿನವೂ ಬಳಸುವ ಪ್ರಾರ್ಥನೆಗಳಿಂದಲೇ ಶುರು ಮಾಡಬೇಕು ಎಂದಾಗ ಜೊತೆಯ ಉಪದೇಶಿಗಳು ಒಪ್ಪಿರಲಿಲ್ಲ. ಮೊದಲು ವಚನ ತೋರಿಸದಿದ್ದರೆ ಯಾರು ನಂಬುತ್ತಾರೆ, ಲಿತನಿ (ಒಬ್ಬರು ಹೆಸರು ಕರೆದು ಉಳಿದವರು ಉತ್ತರ ಕೊಡುವ ಪ್ರಾರ್ಥನೆ) ಓದಿಸಿದರೆ ಎಲ್ಲರೂ ತೂಕಡಿಸುತ್ತಾರೆ ಎಂಬುದು ಅವರ ವಾದ. ಈಗ ಅವರಲ್ಲಿ ಕೆಲವರು ಇದೇ ಹಾಳೆಗಳನ್ನು ಕೇಳಿ ಪಡೆದು ಬಳಸುತ್ತಿದ್ದಾರೆ. ಪಾಠದ ಕೊನೆಗೆ ‘ಸಂತರನ್ನು ನಾವು ಏನು ಕೇಳುತ್ತೇವೆ?’ ಎಂದು ಒಂದೇ ಸಾಲು ಬರೆಯಿಸುವುದು ನನ್ನ ಪರೀಕ್ಷೆ. ಹಳೆಯ ಕ್ರಮದಲ್ಲಿ ಸುಮಾರು ಅರ್ಧ ಜನ ‘ವರ ಕೊಡಿ ಅಂತ’ ಎಂದೇ ಬರೆಯುತ್ತಿದ್ದರು. ಈಗ ಹತ್ತರಲ್ಲಿ ಎಂಟೊಂಬತ್ತು ಜನ ‘ದೇವರ ಬಳಿ ನಮಗಾಗಿ ಪ್ರಾರ್ಥಿಸಿ ಅಂತ’ ಎಂದು ತಾವಾಗಿಯೇ ಬರೆಯುತ್ತಾರೆ. ಉತ್ತರವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಬೇಕಾದ ಸಾಮಾನು: ಒಬ್ಬೊಬ್ಬರಿಗೆ ನಾಲ್ಕು ಹಾಳೆ, ಎರಡು ಬಣ್ಣದ ಪೆನ್ಸಿಲ್, ಒಂದು ಪೂರ್ಣ ಕಥೋಲಿಕ ಬೈಬಲ್. ಸಮಯ ಸುಮಾರು ಒಂದೂವರೆ ಗಂಟೆ. ಹಾಳೆಗಳ ಮೇಲೆ ಪಾಪನಿವೇದನೆಯ ಪ್ರಾರ್ಥನೆ, ಸಂತರ ಲಿತನಿ, ನಾಲ್ಕಾರು ಸಂತರ ಹಬ್ಬಗಳ ಆರಂಭ ಪ್ರಾರ್ಥನೆಗಳು, ಒಂದನೇ ಪರಮಪ್ರಸಾದ ಪ್ರಾರ್ಥನೆಯಲ್ಲಿ ಸಂತರ ಹೆಸರು ಬರುವ ಎರಡು ಭಾಗಗಳು ಇರಬೇಕು. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಗೆರೆ ಎಳೆಯುವಷ್ಟು ಜಾಗ ಇರಲಿ. ಬಣ್ಣದ ಚಿತ್ರಗಳ ಅಭ್ಯಾಸ ಪುಸ್ತಕ ಅಚ್ಚು ಹಾಕಿಸುವುದು, ಪರದೆಯ ಮೇಲೆ ತೋರಿಸುವುದು ದುಡ್ಡು ದಂಡ. ಪರದೆಯ ಮೇಲಿನ ಸಾಲಿಗೆ ಯಾರೂ ಕೈಯಾರೆ ಗೆರೆ ಎಳೆಯಲಾರರು, ಈ ಪಾಠ ನಿಂತಿರುವುದೇ ಗೆರೆ ಎಳೆಯುವುದರ ಮೇಲೆ. ಖರ್ಚು ಮಾಡಲೇಬೇಕೆಂದಿದ್ದರೆ ಬೈಬಲ್ ಪ್ರತಿಗಳಿಗೆ ಮಾಡಿ.

ಮೊದಲ ಹಾಳೆ ಪಾಪನಿವೇದನೆ. ಪೂಜೆಗೆ ಬರುವವರಿಗೆಲ್ಲ ಬಾಯಿಪಾಠ ಇರುವ ಪ್ರಾರ್ಥನೆ ಇದು, ಆದ್ದರಿಂದಲೇ ಯಾರೂ ಗಮನಿಸಿರುವುದಿಲ್ಲ. ಇದರಲ್ಲಿ ಎರಡು ಭಾಗ. ಮೊದಲು ಸರ್ವಶಕ್ತ ದೇವರಿಗೂ ಸಹೋದರ ಸಹೋದರಿಯರಿಗೂ ಪಾಪ ಒಪ್ಪಿಕೊಳ್ಳುತ್ತೇವೆ. ಆಮೇಲೆ ನಿತ್ಯ ಕನ್ಯೆ ಮರಿಯಮ್ಮನವರನ್ನು, ಎಲ್ಲ ದೂತರನ್ನು, ಸಂತರನ್ನು, ‘ಸಹೋದರ ಸಹೋದರಿಯರೇ, ನಿಮ್ಮನ್ನೂ’ ಎಂದು ಪಕ್ಕದಲ್ಲಿ ನಿಂತವರನ್ನು ಕೂಡ ಸೇರಿಸಿ, ನಮ್ಮ ದೇವರಾದ ಕರ್ತರಲ್ಲಿ ನನಗಾಗಿ ಪ್ರಾರ್ಥಿಸಬೇಕೆಂದು ಬೇಡುತ್ತೇವೆ. ಯಾರನ್ನು ಕೇಳುತ್ತಿದ್ದೇವೋ ಅವರ ಹೆಸರಿನ ಕೆಳಗೆ ನೀಲಿ ಗೆರೆ, ಏನು ಮಾಡಿ ಎಂದು ಕೇಳುತ್ತೇವೋ ಆ ಕ್ರಿಯಾಪದದ ಕೆಳಗೆ ಕೆಂಪು ಗೆರೆ ಎಳೆಯಿಸಿ. ನೀಲಿ ಗೆರೆ ನಾಲ್ಕು ಬರುತ್ತವೆ, ಕೆಂಪು ಗೆರೆ ಒಂದೇ. ದೇವಮಾತೆಗೂ ಪಕ್ಕದ ಬೆಂಚಿನವರಿಗೂ ಕ್ರಿಯಾಪದ ಒಂದೇ. ಅದರ ಬೆನ್ನಿಗೆ ಗುರುಗಳು ಹೇಳುವ ಮಾತಿಗೂ ಗೆರೆ ಹಾಕಿಸಿ. ದಯೆ ತೋರುವವರು, ಪಾಪ ಕ್ಷಮಿಸುವವರು, ನಿತ್ಯಜೀವಕ್ಕೆ ಕರೆದೊಯ್ಯುವವರು ಸರ್ವಶಕ್ತ ದೇವರು ಮಾತ್ರ. ಈ ಹಂತದಲ್ಲಿ ವಿವರಣೆ ಕೊಡಲು ನಾಲಿಗೆ ತುರಿಸುತ್ತದೆ. ಕೊಡಬಾರದು. ಎರಡನೇ ಹಾಳೆಗೆ ಹೋಗಬೇಕು.

ಲಿತನಿಯಲ್ಲಿ ಇದೇ ಕೆಲಸ ಇನ್ನೂ ಸ್ಪಷ್ಟವಾಗುತ್ತದೆ. ಆರಂಭದಲ್ಲಿ ಕರ್ತರಿಗೆ, ಕ್ರಿಸ್ತರಿಗೆ ‘ದಯೆ ತೋರಿ’. ನಂತರ ಮರಿಯಮ್ಮ, ಸಂತ ಮಿಖಾಯೇಲ, ದೂತರು, ಸ್ನಾನಿಕ ಯೊವಾನ್ನ, ಜೋಸೆಫ್, ಪೇತ್ರ ಪೌಲ ಎಂದು ಸಾಲು ಶುರುವಾದ ಕ್ಷಣದಿಂದ ‘ನಮಗಾಗಿ ಪ್ರಾರ್ಥಿಸಿರಿ’. ಸಂತರ ಸಾಲು ಮುಗಿದು ಕ್ರಿಸ್ತರ ಕಡೆ ತಿರುಗಿದೊಡನೆ ಉತ್ತರವೂ ‘ಕರ್ತರೇ, ನಮ್ಮನ್ನು ರಕ್ಷಿಸಿರಿ’ ಎಂದು ಬದಲಾಗುತ್ತದೆ. ಲೊರೆಟೊದ ಮರಿಯಮ್ಮನವರ ಲಿತನಿ, 1587ರಲ್ಲಿ ಐದನೇ ಸಿಕ್ಸ್ಟಸ್ ಪೋಪ್ ಮನ್ನಣೆ ಕೊಟ್ಟದ್ದು, ಅದೂ ಇದೇ ಅಚ್ಚಿನಲ್ಲಿದೆ: ಪಿತ, ಸುತ, ಪವಿತ್ರಾತ್ಮ, ತ್ರಿತ್ವಕ್ಕೆ ದಯೆಯ ಕೋರಿಕೆ, ಮರಿಯಮ್ಮನವರಿಗೆ ಪ್ರಾರ್ಥನೆಯ ಕೋರಿಕೆ, ಕಡೆಗೆ ಮೂರು ಸಲ ದೇವರ ಕುರಿಮರಿಯ ಕಡೆಗೆ. 2020ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಮೂರು ಹೊಸ ಬಿರುದು ಸೇರಿಸಿದಾಗಲೂ ಉತ್ತರ ಹಾಗೆಯೇ ಉಳಿಯಿತು. ಲಿತನಿಯನ್ನು ಮನಸ್ಸಿನಲ್ಲೇ ಓದಿಸಿ ನೋಡಿದೆ, ಸಪ್ಪೆಯಾಯಿತು. ಒಬ್ಬರು ಹೆಸರು ಕೂಗಿ ಉಳಿದವರು ಉತ್ತರ ಕೊಟ್ಟರೆ ಉತ್ತರ ಬದಲಾಗುವ ಜಾಗದಲ್ಲಿ ಇಬ್ಬರು ಮೂವರು ಹಳೆಯ ಉತ್ತರವನ್ನೇ ಹೇಳಿಬಿಡುತ್ತಾರೆ. ಆ ಎಡವಟ್ಟೇ ಬೇಕು. ಅಲ್ಲೇ ನಿಲ್ಲಿಸಿ, ಏಕೆ ಬದಲಾಯಿತು ಎಂದು ಕೇಳಿ.

ಮೂರನೇ ಹಾಳೆಯಲ್ಲಿ ಹಬ್ಬದ ಆರಂಭ ಪ್ರಾರ್ಥನೆಗಳು. ಸಂತ ಆಂತೋನಿಯವರ ಹಬ್ಬದ ಪೂಜೆಯಲ್ಲಿ ಗುರುಗಳು ಆಂತೋನಿಯವರನ್ನೇ ಕರೆದು ಪ್ರಾರ್ಥಿಸುತ್ತಾರೆ ಎಂದು ಅನೇಕರು ತಿಳಿದಿರುತ್ತಾರೆ. ಪೂಜಾಗ್ರಂಥ ತೆರೆದರೆ ಅಲ್ಲಿ ಕರೆಯುವುದು ದೇವರನ್ನು. ಆ ಸಂತರ ಮೂಲಕ ದೇವರು ಮಾಡಿದ್ದನ್ನು ನೆನೆದು, ಅವರ ಬಿನ್ನಹದ ಬೆಂಬಲದಿಂದ ಒಂದು ವರ ಬೇಡಿ, ‘ನಿಮ್ಮ ಪುತ್ರರೂ ನಮ್ಮ ಕರ್ತರೂ ಆದ ಯೇಸುಕ್ರಿಸ್ತರ ಮುಖಾಂತರ’ ಎಂದು ಮುಗಿಸುತ್ತಾರೆ. ಉತ್ತರ ಆಫ್ರಿಕದ ಧರ್ಮಾಧ್ಯಕ್ಷರು ಸೇರಿದ 393ರ ಹಿಪ್ಪೊ ಸಭೆ, ಅದನ್ನು ಅನುಮೋದಿಸಿದ 397ರ ಕಾರ್ಥೇಜ್ ಸಭೆ, ಪೀಠದ ಬಳಿ ಪ್ರಾರ್ಥನೆ ಯಾವಾಗಲೂ ಪಿತರಿಗೆ ಸಲ್ಲಬೇಕು ಎಂದು ವಿಧಿಸಿದವು. ಸಂತರ ಹಬ್ಬದ ಪೂಜೆಯಲ್ಲೂ ಆ ಶಿಸ್ತು ಉಳಿದಿದೆ. ಸಂತ ಅಗಸ್ಟೀನರು ಮಣಿ ಪಂಥದ ಗುರು ಫೌಸ್ಟಸ್‌ಗೆ ಉತ್ತರ ಕೊಡುವಾಗ, ನಾವು ಪೀಠ ಕಟ್ಟುವುದು ರಕ್ತಸಾಕ್ಷಿಗಳಿಗಲ್ಲ (ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರಿಗಲ್ಲ), ರಕ್ತಸಾಕ್ಷಿಗಳ ದೇವರಿಗೆ ಎಂದದ್ದನ್ನು ಇಲ್ಲಿ ಸೇರಿಸಿದರೆ ಪಾಠ ಗಟ್ಟಿಯಾಗುತ್ತದೆ.

ನಾಲ್ಕನೇ ಹಾಳೆ ರೋಮನ್ ಕ್ಯಾನನ್, ಅಂದರೆ ಮೇಲೆ ಹೇಳಿದ ಒಂದನೇ ಪರಮಪ್ರಸಾದ ಪ್ರಾರ್ಥನೆ. ಅದರ ಮೊದಲ ಪಟ್ಟಿಯಲ್ಲಿ ಮರಿಯಮ್ಮ, 1962ರಲ್ಲಿ ಇಪ್ಪತ್ತಮೂರನೇ ಜಾನ್ ಪೋಪ್ ಸೇರಿಸಿದ ಜೋಸೆಫ್, ಪೌಲರೂ ಸೇರಿ 12 ಪ್ರೇಷಿತರು (ಅಪೊಸ್ತಲರು), ಲೀನಸ್‌ನಿಂದ ಕೊಸ್ಮಾಸ್ ದಮಿಯಾನರವರೆಗೆ 12 ರಕ್ತಸಾಕ್ಷಿಗಳು. ಎರಡನೇ ಪಟ್ಟಿಯಲ್ಲಿ ಸ್ನಾನಿಕ ಯೊವಾನ್ನರು, ಅವರ ಹಿಂದೆ ಏಳು ಪುರುಷರು, ಏಳು ಸ್ತ್ರೀಯರು. ಹೆಸರುಗಳನ್ನು ಎಣಿಸಲು ಸಮಯ ಕಳೆಯಬೇಡಿ. ‘ಅವರ ಪುಣ್ಯಫಲ ಮತ್ತು ಪ್ರಾರ್ಥನೆಗಳ ನಿಮಿತ್ತ’ ಎಂಬ ಕೋರಿಕೆ ಪಿತರಿಗೆ ಸಲ್ಲುತ್ತದೆ ಎಂದು ಗೆರೆ ಎಳೆದರೆ ಸಾಕು.

ಇಷ್ಟಾದ ಮೇಲೇ ಬೈಬಲ್. ಇಲ್ಲಿ ಕ್ರಮ ತಪ್ಪಿದರೆ ಇಡೀ ಪಾಠ ಕೆಡುತ್ತದೆ. ಎಲ್ಲರೂ ಎಸೆಯುವ ವಚನ 1 ತಿಮೊಥೇಯ 2:5, ದೇವರಿಗೂ ಮನುಷ್ಯರಿಗೂ ಮಧ್ಯಸ್ಥರು ಒಬ್ಬರೇ, ಕ್ರಿಸ್ತಯೇಸು. ಇದನ್ನು ಬಚ್ಚಿಡಬೇಡಿ, ಮೊದಲು ಇದನ್ನೇ ತೆರೆಯಿಸಿ, ಆದರೆ ಅಧ್ಯಾಯದ ಒಂದನೇ ವಚನದಿಂದ ಗಟ್ಟಿಯಾಗಿ ಓದಿಸಿ. ಎಲ್ಲರಿಗಾಗಿ ವಿಜ್ಞಾಪನೆ, ಪ್ರಾರ್ಥನೆ, ಬಿನ್ನಹ ಮಾಡಬೇಕೆಂದು ಪೌಲರು ಹೇಳಿ, ಅದು ದೇವರಿಗೆ ಮೆಚ್ಚುಗೆಯಾದದ್ದು ಎಂದು ಸೇರಿಸಿ, ಆ ನಂತರ ಒಬ್ಬರೇ ಮಧ್ಯಸ್ಥರು ಎನ್ನುತ್ತಾರೆ. ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸುವುದು ಆ ಒಬ್ಬ ಮಧ್ಯಸ್ಥರಿಗೆ ಅಡ್ಡಬರುವಂತಿದ್ದರೆ ಪೌಲರು ಐದು ವಚನಗಳೊಳಗೆ ತಮಗೆ ತಾವೇ ವಿರುದ್ಧ ಮಾತಾಡಿದಂತಾಗುತ್ತದೆ. ರೋಮ 15:30ರಲ್ಲಿ ತಮಗಾಗಿ ಪ್ರಾರ್ಥಿಸಿ ಎಂದು ಬೇಡಿದವರೂ ಅವರೇ.

ಎರಡನೆಯದು ಯೋಬ 42:8. ಯೋಬನ ಗೆಳೆಯರಿಗೆ ದೇವರೇ ನೇರವಾಗಿ ಮಾತಾಡುತ್ತಿದ್ದಾರೆ. ಮಾತಾಡುತ್ತಲೇ, ಯೋಬನ ಬಳಿಗೆ ಹೋಗಿ, ಅವನು ನಿಮಗಾಗಿ ಪ್ರಾರ್ಥಿಸುವನು, ಅವನ ಪ್ರಾರ್ಥನೆಯನ್ನು ಅಂಗೀಕರಿಸುವೆನು ಎನ್ನುತ್ತಾರೆ. ‘ದೇವರನ್ನೇ ನೇರವಾಗಿ ಕೇಳಬಹುದಲ್ಲ?’ ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ. ಇದರ ಜೊತೆಗೆ 2 ಕೊರಿಂಥ 1:11 ಇಟ್ಟರೆ ಕಾರಣವೂ ಸಿಗುತ್ತದೆ: ಅನೇಕರ ಪ್ರಾರ್ಥನೆಯಿಂದ ದೊರೆತ ವರಕ್ಕಾಗಿ ಅನೇಕರು ಕೃತಜ್ಞತೆ ಸಲ್ಲಿಸಲಿ ಎಂದು. ಒಂದು ಉಪಕಾರಕ್ಕೆ ನೂರು ಬಾಯಿ ದೇವರನ್ನು ಹೊಗಳುತ್ತದೆ. ಈ ಪಾಠದ ತಿರುಳು ಇಲ್ಲಿದೆ ಎಂಬುದು ನನ್ನ ದೃಢ ನಂಬಿಕೆ.

ಇನ್ನು ಸ್ವರ್ಗದವರ ವಿಷಯ. ಪ್ರಕಟಣೆ 5:8ರಲ್ಲಿ ಹಿರಿಯರ ಕೈಯಲ್ಲಿ ಧೂಪ ತುಂಬಿದ ಚಿನ್ನದ ಬಟ್ಟಲು, ಆ ಧೂಪವೇ ದೇವಜನರ ಪ್ರಾರ್ಥನೆಗಳು. ಇದೊಂದನ್ನೇ ಹಿಡಿದು ಕೂತರೆ, ಅವರು ಬಟ್ಟಲು ಹಿಡಿದಿದ್ದಾರೆ ಅಷ್ಟೇ, ಪ್ರಾರ್ಥಿಸಿದರು ಎಂದು ಎಲ್ಲಿದೆ ಎಂದು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಆದ್ದರಿಂದ 6:9-10 ಸೇರಿಸಿ. ಹತರಾದವರ ಆತ್ಮಗಳು ಪೀಠದ ಕೆಳಗಿನಿಂದ ದೇವರಿಗೆ ಮೊರೆಯಿಡುತ್ತವೆ, ಭೂಮಿಯ ಮೇಲೆ ಏನು ನಡೆಯುತ್ತಿದೆ ಎಂಬುದೂ ಅವರಿಗೆ ಗೊತ್ತಿದೆ. 8:3-4ರಲ್ಲಿ ದೂತನ ಕೈಯಿಂದ ಧೂಪದ ಹೊಗೆ ಪ್ರಾರ್ಥನೆಗಳೊಂದಿಗೆ ಮೇಲೇರುತ್ತದೆ. ಮೂರೂ ಸೇರಿದಾಗ ತೂಕ ಬರುತ್ತದೆ. ಹಿಬ್ರಿಯ 12:1ರ ‘ಸಾಕ್ಷಿಗಳ ಮೇಘ’ ಜನಪ್ರಿಯ, ಆದರೆ ಮೆದು ಆಧಾರ. ಅವರು ನಮ್ಮನ್ನು ನೋಡುತ್ತಿದ್ದಾರೆ ಎಂದು ಅಲ್ಲಿ ನೇರವಾಗಿ ಇಲ್ಲ. ಅದೇ ಅಧ್ಯಾಯದ 22ರಿಂದ 24 ಗಟ್ಟಿ: ನೀವು ಬಂದಿರುವುದು ಪರಿಪೂರ್ಣರಾದ ಸಜ್ಜನರ ಆತ್ಮಗಳ ಬಳಿಗೆ, ಮಧ್ಯಸ್ಥರಾದ ಯೇಸುವಿನ ಬಳಿಗೆ ಎಂದು ಒಂದೇ ವಾಕ್ಯದಲ್ಲಿದೆ. ಮಕ್ಕಬಿಯರ ಎರಡನೇ ಗ್ರಂಥ 15:12-16, ತೀರಿಹೋದ ಪ್ರಧಾನಯಾಜಕ ಓನಿಯ ಮತ್ತು ಪ್ರವಾದಿ ಯೆರೆಮೀಯ ಜನರಿಗಾಗಿ ಪ್ರಾರ್ಥಿಸುವ ದರ್ಶನ, ಎಲ್ಲಕ್ಕಿಂತ ನೇರವಾದದ್ದು. ಆದರೂ ಪ್ರಾಟೆಸ್ಟೆಂಟ್ ಸ್ನೇಹಿತರು ಕೂತಿರುವ ಗುಂಪಿನಲ್ಲಿ ಅದನ್ನು ಮೊದಲು ತೆಗೆದರೆ ಚರ್ಚೆ ಬೈಬಲ್‌ನಲ್ಲಿ ಎಷ್ಟು ಗ್ರಂಥ ಎಂಬ ಕಡೆ ಹರಿದು ಮತ್ತೆ ಕೈಗೆ ಸಿಗುವುದಿಲ್ಲ. ಕೊನೆಗಿಡಿ. ಅವರ ಪಕ್ಷವನ್ನು ಸರಿಯಾಗಿ ಹೇಳುವುದೂ ಮುಖ್ಯ. ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 21ನೇ ವಿಧಿ ಸಂತರ ಸ್ಮರಣೆಯನ್ನು ಒಪ್ಪಿ, ಅವರನ್ನು ಬೇಡುವುದನ್ನು ತಳ್ಳುತ್ತದೆ. ಮರುವರ್ಷದ ಅದರ ಸಮರ್ಥನೆ, ಸ್ವರ್ಗದ ಸಂತರು ಇಡೀ ಸಭೆಗಾಗಿ ಪ್ರಾರ್ಥಿಸುತ್ತಾರೆ ಎಂಬುದನ್ನೂ ಒಪ್ಪುತ್ತದೆ. ಹಾಗಾಗಿ ಜಗಳ ಉಳಿದಿರುವುದು ಅವರನ್ನು ಕೇಳಬಹುದೇ ಎಂಬುದರಲ್ಲಿ.

ಕೆಲಸ ಕೆಡಿಸುವ ಹೋಲಿಕೆಯೊಂದಿದೆ: ದೊಡ್ಡ ಅಧಿಕಾರಿಯ ಹತ್ತಿರ ಕೆಲಸ ಆಗಬೇಕಾದರೆ ಪರಿಚಯದವರ ಶಿಫಾರಸು ಹಿಡಿಯುವುದಿಲ್ಲವೇ, ಹಾಗೆ. ತಕ್ಷಣ ಅರ್ಥವಾಗುತ್ತದೆ, ತಪ್ಪಾಗಿ ಅರ್ಥವಾಗುತ್ತದೆ. ದೇವರು ಮನಸ್ಸಿಲ್ಲದವರು, ಸಂತರು ಮೃದು ಮನಸ್ಸಿನವರು, ಹೇಗೋ ಒಲಿಸಿಕೊಂಡರೆ ಆಯಿತು ಎಂಬ ಕಲ್ಪನೆ ಬೇರೂರುತ್ತದೆ. ಸಂತರಲ್ಲಿರುವ ಪ್ರೀತಿಯೂ ದೇವರು ಕೊಟ್ಟದ್ದು, ನಮಗಾಗಿ ಪ್ರಾರ್ಥಿಸುವಂತೆ ಅವರನ್ನು ಎಬ್ಬಿಸುವವರೂ ದೇವರೇ ಎಂಬುದು ಅಲ್ಲಿ ಮಾಯವಾಗುತ್ತದೆ. ಯಾರಾದರೂ ತಾವಾಗಿ ಈ ಹೋಲಿಕೆ ತಂದರೆ ಯೋಬನ ಪುಟಕ್ಕೆ ವಾಪಸ್ ಕರೆತನ್ನಿ. ಅಲ್ಲಿ ಹೋಗಿ ಎಂದು ಕಳಿಸಿದವರು ದೇವರು. ಪವಾಡದ ಕಥೆಗಳಿಂದ ಶುರು ಮಾಡುವುದೂ ಹೀಗೇ ಹಾಳಾಗುತ್ತದೆ. ಪವಾಡ ನಿಜವೇ ಎಂಬ ವಿಚಾರಣೆಯಲ್ಲೇ ಗಂಟೆ ಮುಗಿಯುತ್ತದೆ.

ತೀರಿಹೋದವರ ಜೊತೆ ಮಾತಾಡುವುದು ಧರ್ಮೋಪದೇಶಕಾಂಡ 18:11ರಲ್ಲಿ ನಿಷಿದ್ಧವಲ್ಲವೇ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಅಲ್ಲಿ ನಿಷೇಧಿಸಿದ್ದು ಸತ್ತವರನ್ನು ಎಬ್ಬಿಸಿ ಗುಟ್ಟು ಕೇಳುವುದನ್ನು, ಸೌಲ ಅರಸ ಸಮುವೇಲನಿಗಾಗಿ ಮಾಡಿಸಿದಂಥದ್ದನ್ನು. ಲಿತನಿ ಹೇಳುವವರು ಉತ್ತರ ಬರಲಿ ಎಂದು ಕಾಯುವುದಿಲ್ಲ. ಇದಕ್ಕೆ ಸುಲಭ ಪರೀಕ್ಷೆಯಿದೆ: ಪ್ರಾರ್ಥಿಸುವವರು ಸಂತರಿಂದ ದನಿ, ಕನಸು, ತಾರೀಖು, ಗುರುತು ನಿರೀಕ್ಷಿಸತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನು ‘ಸತ್ತವರು’ ಎಂಬುದಕ್ಕೆ ಲೂಕ 20:38 ಸಾಕು, ದೇವರಿಗೆ ಎಲ್ಲರೂ ಜೀವಿಸುವವರೇ. ರೂಪಾಂತರದ ಬೆಟ್ಟದ ಮೇಲೆ ಮೋಶೆ ಯೇಸುವಿನೊಡನೆ ಮಾತಾಡಿದ್ದು ಜೆರುಸಲೇಮಿನಲ್ಲಿ ಮುಂದೆ ನಡೆಯಲಿದ್ದ ನಿರ್ಗಮನದ ಬಗ್ಗೆ.

ಒಂದೇ ಹೊತ್ತಿಗೆ ಸಾವಿರಾರು ಜನ ಕರೆದರೆ ಮರಿಯಮ್ಮನವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ಮಕ್ಕಳೇ ಹೆಚ್ಚು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಸ್ವಂತ ಶಕ್ತಿಯಿಂದ ಕೇಳಿಸಿಕೊಳ್ಳುವುದಿಲ್ಲ. ಅರಾಮಿನ ಅರಸ ಮಲಗುವ ಕೋಣೆಯಲ್ಲಿ ಆಡಿದ ಮಾತು ಎಲೀಷನಿಗೆ ತಿಳಿಯುತ್ತಿತ್ತು ಎಂದು ಅರಸುಗಳ ಎರಡನೇ ಗ್ರಂಥ 6:12ರಲ್ಲಿದೆ, ತಿಳಿಸಿದವರು ದೇವರು. ತಮಗೆ ಸಂಬಂಧಪಟ್ಟದ್ದನ್ನು ಸಂತರು ದೇವರನ್ನು ಕಾಣುವ ದರ್ಶನದಲ್ಲೇ ಕಾಣುತ್ತಾರೆ ಎಂಬುದು ತೋಮಸ್ ಅಕ್ವಿನಾಸರ ವಿವರಣೆ. ಸರ್ವಜ್ಞತೆ ಬೇಕಿಲ್ಲ, ದೇವರು ತೋರಿಸಿದಷ್ಟು ಸಾಕು.

ಈ ವಿಧಾನಕ್ಕೆ ನಿಜವಾದ ಕಷ್ಟ ಬೇರೆ ಕಡೆಯಿಂದ ಬರುತ್ತದೆ. ಚುರುಕಾದವರೊಬ್ಬರು ‘ಅಪಾಯಗಳಿಂದ ನಮ್ಮನ್ನು ಬಿಡಿಸಿ’ ಎಂದು ಮರಿಯಮ್ಮನವರನ್ನೇ ಕೇಳುವ ಪುರಾತನ ಪ್ರಾರ್ಥನೆಯನ್ನು ಮುಂದಿಡುತ್ತಾರೆ. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದ ಪಪೈರಸ್ ಸಂಖ್ಯೆ 470ರಲ್ಲಿ, 1938ರಲ್ಲಿ ಪ್ರಕಟವಾದದ್ದು, ಅದರ ಗ್ರೀಕ್ ರೂಪವಿದೆ. ಪೂರ್ವದ ಕ್ರೈಸ್ತ ಸಭೆಗಳಲ್ಲಂತೂ ‘ಪರಮ ಪವಿತ್ರ ದೇವಮಾತೆಯೇ, ನಮ್ಮನ್ನು ರಕ್ಷಿಸಿ’ ಎಂದು ಹಾಡುತ್ತಾರೆ. ಕೆಂಪು ಗೆರೆಯ ಲೆಕ್ಕ ಇಲ್ಲಿ ತಪ್ಪುತ್ತದೆ. ಅಂಥ ಪ್ರಾರ್ಥನೆಗಳನ್ನು ಬಿಟ್ಟುಬಿಡಿ ಎಂದು ಸಲಹೆ ಬಂದಿತ್ತು, ನಾನು ಅದಕ್ಕೆ ಒಪ್ಪುವುದಿಲ್ಲ. ಟ್ರೆಂಟ್ ಸಭಾಸಮ್ಮೇಳನದ ನಂತರ 1566ರಲ್ಲಿ ಬಂದ ರೋಮನ್ ಧರ್ಮೋಪದೇಶ ಗ್ರಂಥ ನಾಲ್ಕನೇ ಭಾಗದಲ್ಲಿ ಇದನ್ನು ಬಿಡಿಸಿದೆ: ದೇವರಿಗೆ ದಯೆ ತೋರಿ ಎನ್ನುತ್ತೇವೆ, ಸಂತರಿಗೆ ಪ್ರಾರ್ಥಿಸಿ ಎನ್ನುತ್ತೇವೆ. ಸಂತರಿಗೂ ದಯೆ ತೋರಿ ಎಂದರೆ ನಮ್ಮ ಸ್ಥಿತಿಗೆ ಮರುಗಿ ದೇವರ ಬಳಿ ಬಿನ್ನವಿಸಿ ಎಂಬ ಅರ್ಥದಲ್ಲಿ. ಪೌಲರೂ 1 ಕೊರಿಂಥ 9:22ರಲ್ಲಿ ಹೇಗಾದರೂ ಕೆಲವರನ್ನು ರಕ್ಷಿಸಬೇಕೆಂದು ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಾರೆ. ಕ್ರಿಸ್ತರ ಜಾಗ ಕಸಿದುಕೊಂಡರು ಎಂದು ಯಾರೂ ಅನ್ನುವುದಿಲ್ಲ. ಇಂಥ ಸಾಲುಗಳಿಗೆ ಹಸಿರು ಗೆರೆ ಎಂದು ಮೂರನೇ ಬಣ್ಣ ತಂದು ನೋಡಿದೆ, ಗೊಂದಲ ಹೆಚ್ಚಾಯಿತು. ಕೆಂಪು ಗೆರೆಯ ಪಕ್ಕ ಚಿಕ್ಕ ಬಾಣ ಹಾಕಿ ‘ದೇವರ ಕಡೆಗೆ’ ಎಂದು ಬರೆಯಿಸುವುದೇ ಚೆನ್ನಾಗಿ ಕೂತಿತು.

ಇದೆಲ್ಲ ಮಧ್ಯಯುಗದ ಸೇರ್ಪಡೆ ಎನ್ನುವವರಿಗೆ ರೋಮಿನ ಆಪ್ಪಿಯನ್ ರಸ್ತೆಯ ಸಂತ ಸೆಬಾಸ್ಟಿಯನ್ ಭೂಗತ ಸಮಾಧಿಗಳ ಗೋಡೆ ತೋರಿಸಿ. ಮೂರನೇ ಶತಮಾನದ ಭಕ್ತರು ಗಾರೆಯ ಮೇಲೆ ಗೀಚಿದ ನೂರಾರು ಬರಹ ಅಲ್ಲಿವೆ. ಅವುಗಳಲ್ಲಿ ಒಂದು: ಪೌಲರೇ, ಪೇತ್ರರೇ, ವಿಕ್ಟರ್‌ಗಾಗಿ ಬೇಡಿಕೊಳ್ಳಿ. ನೀಲಿ ಗೆರೆ ಎರಡು, ಕೆಂಪು ಒಂದು. ಈ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದರೆ ಜನ ತಾವೇ ಗೆರೆ ಎಳೆಯಲು ಎದ್ದು ಬರುತ್ತಾರೆ. 406ರ ಸುಮಾರಿಗೆ ಸಂತ ಜೆರೋಮರು, ಸಂತರ ಗೌರವವನ್ನು ವಿರೋಧಿಸಿದ ಗುರು ವಿಜಿಲಾಂಶಿಯಸ್‌ಗೆ ಕೇಳಿದ್ದೂ ಇದನ್ನೇ. ತಮ್ಮ ಬಗ್ಗೆಯೇ ಚಿಂತಿಸಬೇಕಾದ ದೇಹದ ದಿನಗಳಲ್ಲೇ ಪ್ರೇಷಿತರು ಇತರರಿಗಾಗಿ ಪ್ರಾರ್ಥಿಸಬಲ್ಲವರಾದರೆ, ಕಿರೀಟ ಪಡೆದ ಮೇಲೆ ಇನ್ನೆಷ್ಟು ಹೆಚ್ಚು?

ಸಂತರನ್ನು ಕೇಳುವುದು ಕಡ್ಡಾಯವೇ ಎಂದರೆ, 1563ರ ಡಿಸೆಂಬರಿನಲ್ಲಿ ಟ್ರೆಂಟ್ ಬಳಸಿದ ಮಾತು ‘ಒಳ್ಳೆಯದು, ಉಪಯುಕ್ತ’. ಎರಡನೇ ವ್ಯಾಟಿಕನ್ ಮಹಾಸಭೆಯ 1964ರ ದಾಖಲೆ ಲೂಮೆನ್ ಜೆಂಸಿಯುಂನ 49 ಮತ್ತು 50ನೇ ಪರಿಚ್ಛೇದಗಳು, 1992ರ ಧರ್ಮೋಪದೇಶ ಗ್ರಂಥದ 956 ಮತ್ತು 2683 ಇದನ್ನೇ ಮುಂದುವರಿಸುತ್ತವೆ. ಇವನ್ನು ಓದಿ ಹೇಳಿದರೆ ಸಾಕು.

ದುಡ್ಡಿನ ಮಾತು ಇನ್ನೊಂದಿದೆ. ಒಂಬತ್ತು ಪ್ರತಿ ಮಾಡಿ ಹಂಚಿ, ಒಂಬತ್ತನೇ ದಿನ ಕೆಲಸ ಆಗಿಯೇ ಆಗುತ್ತದೆ, ಸರಪಳಿ ಮುರಿದರೆ ಕೇಡು ಎಂಬ ಕರಪತ್ರಗಳು ತರಗತಿಗೆ ಬಂದೇ ಬರುತ್ತವೆ. ಅವನ್ನು ಹರಿದು ಹಾಕುವ ಬದಲು ರಿಪೇರಿ ಮಾಡಿಸಿ. ‘ಖಂಡಿತ’, ‘ಎಂದೂ ಸೋಲದ’, ಪ್ರತಿಗಳ ಲೆಕ್ಕ, ಕೇಡಿನ ಬೆದರಿಕೆ, ಇವಿಷ್ಟಕ್ಕೆ ಅಡ್ಡಗೆರೆ. ಉಳಿದದ್ದಕ್ಕೆ ‘ದೇವರ ಚಿತ್ತದಂತೆ’ ಎಂಬ ಸಾಲು ಮತ್ತು ಕ್ರಿಸ್ತರ ಮುಖಾಂತರ ಎಂಬ ಮುಕ್ತಾಯ ಸೇರಿಸಿ. ಬಾಹ್ಯ ಆಚರಣೆಗೇ ಫಲ ಕಟ್ಟುವುದು ಮೂಢನಂಬಿಕೆ ಎಂದು ಧರ್ಮೋಪದೇಶ ಗ್ರಂಥದ 2111 ಹೇಳುತ್ತದೆ. ಪವಿತ್ರ ಅವಶೇಷಗಳನ್ನು ಮಾರುವುದು ಧರ್ಮಸಭೆಯ ಕಾನೂನು 1190ರಲ್ಲಿ ಪೂರ್ತಿ ನಿಷಿದ್ಧ. ಸಂತಪದವಿಯ ವಿಚಾರಣೆಗಳಲ್ಲೂ ಹಣದ ಬಿಗಿ ಇದೆ. 2016ರ ನಿಯಮದಂತೆ ಪವಾಡದಿಂದ ಗುಣವಾಯಿತು ಎನ್ನುವ ಪ್ರಕರಣವನ್ನು ಏಳು ವೈದ್ಯರ ಮಂಡಲಿಯಲ್ಲಿ ಕನಿಷ್ಠ ಐವರು, ಆರು ಜನರಿದ್ದರೆ ನಾಲ್ವರು, ವಿವರಿಸಲಾಗದ್ದು ಎಂದು ಒಪ್ಪಬೇಕು. ಅವರ ಸಂಭಾವನೆ ಬ್ಯಾಂಕ್ ಮೂಲಕವೇ ಹೋಗಬೇಕು. ಆ ವಿಚಾರಣೆಯಲ್ಲಿ ಯಾರ ಬಿನ್ನಹವನ್ನು ಕೋರಿದ್ದರು ಎಂಬುದನ್ನೂ ಸಾಕ್ಷಿಗಳಿಂದ ಕೇಳುತ್ತಾರೆ. ಇನ್ನೂ ಧನ್ಯರೆಂದು (ಸಂತಪದವಿಗೆ ಹಿಂದಿನ ಮೆಟ್ಟಿಲು) ಘೋಷಣೆಯಾಗದವರನ್ನು ಖಾಸಗಿಯಾಗಿ ಬೇಡಬಹುದು, ಸಾರ್ವಜನಿಕ ಆರಾಧನೆಯಲ್ಲಿ ಅಲ್ಲ. ಸಾರ್ವಜನಿಕ ಗೌರವ ಸಂತರ ಅಥವಾ ಧನ್ಯರ ಪಟ್ಟಿಯಲ್ಲಿ ಸೇರಿದವರಿಗೆ ಮಾತ್ರ ಎಂಬುದು ಕಾನೂನು 1187.

ಪಾಠ ಮುಗಿಯುವ ಮೊದಲು ಕೇಳುವ ಒಂದು ಪ್ರಶ್ನೆ ನನ್ನಲ್ಲಿದೆ. ಹತ್ತರಲ್ಲಿ ಎಂಟೊಂಬತ್ತು ಎಂದೆನಲ್ಲ, ಅದಕ್ಕೆ ಅರ್ಧ ಕಾರಣ ಆ ಪ್ರಶ್ನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹಾಳೆಗಳನ್ನು ಒಮ್ಮೆ ಪೂರ್ತಿ ನಡೆಸಿದವರಿಗೆ ತಾನಾಗಿ ಹೊಳೆಯುತ್ತದೆ.

ಈಗ ಪ್ರಯತ್ನದಲ್ಲಿರುವುದು ಪಾಸ್ಖ (ಈಸ್ಟರ್) ಹಿಂದಿನ ರಾತ್ರಿಯ ಜಾಗರಣೆಯ ಲಿತನಿ. ದೀಕ್ಷಾಸ್ನಾನ ಪಡೆಯುವವರು ತಮ್ಮ ಹೆಸರಿನ ಸಂತರನ್ನು ತಾವೇ ಆರಿಸಿ, ಲಿತನಿಯಲ್ಲಿ ಆ ಹೆಸರು ಎಲ್ಲಿ ಕೂರಬೇಕು ಎಂದು ಕಂಡುಹಿಡಿಯಬೇಕು. ದೇವಾಲಯದ ಪಾಲಕ ಸಂತರನ್ನೂ ದೀಕ್ಷಾರ್ಥಿಗಳ ಸಂತರನ್ನೂ ಸೇರಿಸಲು ಪೂಜಾಗ್ರಂಥದಲ್ಲಿ ಅವಕಾಶವಿದೆ, ಆದರೆ ಸರಿಯಾದ ಜಾಗದಲ್ಲಿ: ಪ್ರೇಷಿತರು ಪ್ರೇಷಿತರ ಜೊತೆ, ರಕ್ತಸಾಕ್ಷಿಗಳು ಸ್ತೆಫನ, ಇಗ್ನಾಸಿಯಸ್, ಲಾರೆನ್ಸರ ಸಾಲಿನಲ್ಲಿ, ಸನ್ಯಾಸಿಗಳು ಬೆನೆಡಿಕ್ಟ್, ಫ್ರಾನ್ಸಿಸ್, ದೊಮಿನಿಕ್ ಹತ್ತಿರ. ಪಟ್ಟಿಯನ್ನು ಹಾಡುವವರ ಕೈಗೆ ಮೊದಲೇ ಕೊಡದಿದ್ದರೆ ಆ ರಾತ್ರಿ ಹೆಸರು ಬಿಟ್ಟುಹೋಗುತ್ತದೆ. ಪಾಸ್ಖ ಕಾಲವಾದ್ದರಿಂದ ಈ ಲಿತನಿಗೆ ನಿಂತೇ ಉತ್ತರಿಸಬೇಕು, ಮೊಣಕಾಲೂರುವ ಅಭ್ಯಾಸದವರಿಗೆ ಅದನ್ನೂ ಹೇಳಿಡಿ. ದೀಕ್ಷಾಸ್ನಾನವೂ ಇಲ್ಲ, ಸ್ನಾನಕುಂಡದ ಆಶೀರ್ವಾದವೂ ಇಲ್ಲ ಎಂದಾದರೆ ಆ ರಾತ್ರಿ ಲಿತನಿಯೇ ಇರುವುದಿಲ್ಲ, ಆಗ ಈ ಅಭ್ಯಾಸವನ್ನು ನವೆಂಬರ್ 1ರ ಸಕಲ ಸಂತರ ಹಬ್ಬಕ್ಕೆ ಇಟ್ಟುಕೊಳ್ಳಿ.